ಕಾರ್ಡು ಹೇಳಿದ ಉದ್ದ, ಕರ್ನೆಲ್ ಅಳೆದ ಉದ್ದ

ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯಿಂದ ತಂದ ಸೆಕೆಂಡ್‌ಹ್ಯಾಂಡ್ ಗ್ರಾಫಿಕ್ಸ್ ಕಾರ್ಡಿನಲ್ಲಿ ಉಗುರಿನಷ್ಟು ದೊಡ್ಡ ಫ್ಲ್ಯಾಶ್ ಚಿಪ್ ಒಂದಿರುತ್ತದೆ. ಯಾವ ವೋಲ್ಟೇಜಿಗೆ ಎಷ್ಟು ವೇಗ, ಫ್ಯಾನ್ ಯಾವಾಗ ತಿರುಗಬೇಕು, ಮಾನಿಟರ್ ಸಿಕ್ಕಿಸುವ ಕಿಂಡಿಗಳು ಎಷ್ಟು ಎಂಬುದನ್ನೆಲ್ಲ ಕಾರ್ಡು ಅದರಲ್ಲಿ ಕೋಷ್ಟಕಗಳಾಗಿ ಬರೆದಿಟ್ಟುಕೊಂಡಿರುತ್ತದೆ. ಕಂಪ್ಯೂಟರ್ ಆನ್ ಆದಾಗ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನೆಲ್ ಈ ಕೋಷ್ಟಕಗಳನ್ನು ಓದಿ ಕಾರ್ಡನ್ನು ಪಳಗಿಸುತ್ತದೆ. ಆದರೆ ಆ ಚಿಪ್ಪಿನಲ್ಲಿ ಈಗ ಇರುವುದು ಕಾರ್ಖಾನೆ ಬರೆದದ್ದೇ ಎಂದು ಹೇಳಲಾಗದು. ಹಿಂದಿನ ಮಾಲೀಕ ಕ್ರಿಪ್ಟೋ ಹಣದ ಮೈನಿಂಗ್‌ಗೆಂದು ತಿದ್ದಿರಬಹುದು, ತಿದ್ದುವಾಗ ಕರೆಂಟ್ ಹೋಗಿ ಬರಹ ಅರ್ಧಕ್ಕೇ ನಿಂತಿರಬಹುದು, ಹಳೆಯ ಚಿಪ್ಪಿನಲ್ಲಿ ಒಂದೆರಡು ಬಿಟ್ ತಾವಾಗಿಯೇ ಬದಲಾಗಿರಬಹುದು.

ಕ್ರಯಪತ್ರದಲ್ಲಿ 30×40 ಎಂದು ಬರೆದಿದ್ದರೂ ಟೇಪು ಹಿಡಿದು ಅಳೆಯದೆ ನಮ್ಮೂರಲ್ಲಿ ಯಾರೂ ಸೈಟಿಗೆ ಅಡ್ವಾನ್ಸ್ ಕೊಡುವುದಿಲ್ಲ. ಡ್ರೈವರ್, ಅಂದರೆ ಸಾಧನವನ್ನು ನಡೆಸುವ ಕರ್ನೆಲ್ಲಿನ ಭಾಗ, ಬರೆಯುವವರಿಗೂ ಬೇಕಾದದ್ದು ಅಷ್ಟೇ. ಕೋಷ್ಟಕದೊಳಗಿನ 'ಉದ್ದ', 'ಎಣಿಕೆ', 'ಆಫ್‌ಸೆಟ್' (ಆರಂಭದಿಂದ ಎಷ್ಟು ಬೈಟ್ ಆಚೆ ಎಂಬ ಅಂಕಿ) ಎಲ್ಲವೂ ಸಾಧನ ಹೇಳುವ ಮಾತು. ಕರ್ನೆಲ್‌ಗೆ ಖಚಿತವಾಗಿ ಗೊತ್ತಿರುವುದು ಒಂದೇ: ತನ್ನ ಬಫರಿಗೆ, ಅಂದರೆ ಓದಿದ್ದನ್ನು ಇಟ್ಟುಕೊಳ್ಳುವ ಮೆಮೊರಿಯ ತುಂಡಿಗೆ, ಎಷ್ಟು ಬೈಟ್ ಬಂದಿದೆ ಎಂಬುದು. ಸಾಮಾನ್ಯ ಆ್ಯಪ್ ತಪ್ಪು ಜಾಗ ಓದಿದರೆ ಕರ್ನೆಲ್ ಅದನ್ನು ಮುಚ್ಚಿ ಮುಂದೆ ಹೋಗುತ್ತದೆ. ಕರ್ನೆಲ್ಲೇ ತಪ್ಪು ಜಾಗಕ್ಕೆ ಕೈ ಹಾಕಿದರೆ ಅದನ್ನು ಹಿಡಿಯುವವರು ಯಾರೂ ಇಲ್ಲ.

ಪಿಸಿಐ ಕಾರ್ಡಿನ, ಅಂದರೆ ಮದರ್‌ಬೋರ್ಡಿನ ಕಿಂಡಿಗೆ ಸಿಕ್ಕಿಸುವ ಇಂಥ ಕಾರ್ಡಿನ, ರಾಮ್ (ROM) ಓದುವ ಕೆಲಸವನ್ನೇ ನೋಡೋಣ. ಇಲ್ಲಿ ರಾಮ್ ಎಂದರೆ ಆ ಫ್ಲ್ಯಾಶ್ ಚಿಪ್ಪಿನಲ್ಲಿರುವ ಓದುವ ಸ್ಮೃತಿ, ಸಾಮಾನ್ಯ ಮೆಮೊರಿ ಅಲ್ಲ. ಅದರಲ್ಲಿ ಒಂದರ ಹಿಂದೆ ಒಂದು 'ಇಮೇಜ್'ಗಳಿರುತ್ತವೆ: ಕಂಪ್ಯೂಟರನ್ನು ಎಬ್ಬಿಸುವ ಹಳೆಯ ತಂತ್ರಾಂಶ ಬಯಾಸ್‌ಗೆ ಒಂದು, ಅದರ ಹೊಸ ರೂಪ ಯುಇಎಫ್‌ಐಗೆ ಇನ್ನೊಂದು, ಹೀಗೆ. ಪ್ರತಿ ಇಮೇಜ್ ಹೆಕ್ಸಾಡೆಸಿಮಲ್‌ನ 55, ಎಎ ಎಂಬ ಎರಡು ಬೈಟಿನಿಂದ ಶುರುವಾಗುತ್ತದೆ. ಆರಂಭದಿಂದ 24ನೇ ಬೈಟಿನ ಆಚೆ ಎರಡು ಬೈಟಿನ ಒಂದು ಆಫ್‌ಸೆಟ್ ಇದೆ. ಅದು ತೋರಿಸಿದ ಜಾಗದಲ್ಲಿ 'ಪಿಸಿಐಆರ್' ಎಂಬ ನಾಲ್ಕಕ್ಷರ ಇರಬೇಕು. ಅಲ್ಲಿಂದ 16 ಬೈಟ್ ಆಚೆ ಇಮೇಜಿನ ಉದ್ದ, 512 ಬೈಟಿನ ಲೆಕ್ಕದಲ್ಲಿ. 'ಪಿಸಿಐಆರ್'ನಿಂದ 21 ಬೈಟ್ ಆಚೆಯ ಬೈಟಿನ ಅತ್ಯಂತ ಮೇಲಿನ ಬಿಟ್ (ಬಿಟ್ 7) 1 ಆಗಿದ್ದರೆ ಅದೇ ಕಡೆಯ ಇಮೇಜ್.

ಕೇಳಲು ಇಷ್ಟೇ. ಎಡವಲು ಜಾಗ ಮಾತ್ರ ಬೇಕಾದಷ್ಟಿದೆ. ಎರಡು ಬೈಟಿನ ಆಫ್‌ಸೆಟ್ 65,535ರವರೆಗೆ ಏನನ್ನೂ ಹೇಳಬಹುದು. ನಾವು ಓದಿಕೊಂಡಿರುವುದು 32 ಕಿಲೋಬೈಟ್ ಮಾತ್ರವಾಗಿದ್ದರೆ 'ಪಿಸಿಐಆರ್' ಇದೆಯೇ ಎಂದು ನೋಡಲು ಹೋಗುವ ಮೊದಲ ಓದೇ ಬಫರಿನ ಆಚೆ ಬೀಳುತ್ತದೆ. ಉದ್ದದ ಅಂಕಿ 65,535 ಆದರೆ ಅದು 512ರಿಂದ ಗುಣಿಸಿ ಸುಮಾರು 32 ಮೆಗಾಬೈಟ್. ಇನ್ನು ಉದ್ದ 0 ಎಂದು ಬರೆದಿದ್ದು, ಕಡೆಯ ಇಮೇಜ್ ಎಂಬ ಬಿಟ್ ಕೂಡ 0 ಆಗಿದ್ದರೆ? ಲೂಪ್ ಮುಂದಕ್ಕೆ ಸೊನ್ನೆ ಬೈಟ್ ಸರಿದು ಅದೇ ಇಮೇಜನ್ನು ಮತ್ತೆ ಮತ್ತೆ ಓದುತ್ತಲೇ ಇರುತ್ತದೆ, ಬೂಟ್ ಅಲ್ಲೇ ನಿಲ್ಲುತ್ತದೆ. ಲಿನಕ್ಸ್ ಕರ್ನೆಲ್ ರಾಮ್ ಅಳೆಯುವ ಲೂಪಿನ ಷರತ್ತು 'ಕಡೆಯದಲ್ಲದಿದ್ದರೆ' ಎಂದಷ್ಟೇ ಇಲ್ಲ, 'ಉದ್ದ ಸೊನ್ನೆಯಲ್ಲ, ಮತ್ತು ಕಡೆಯದೂ ಅಲ್ಲ' ಎಂದಿದೆ. ಪ್ರತಿ ಸುತ್ತಿನಲ್ಲೂ ರಾಮ್ ಕಾಣುವ ಜಾಗದ ಗಡಿ ದಾಟಿತೇ ಎಂದು ಬೇರೆ ನೋಡುತ್ತದೆ.

ಗಡಿ ನೋಡುವ ಸಾಲನ್ನು ಬರೆಯುವುದರಲ್ಲೇ ಹೆಚ್ಚು ಜನ ಮುಗ್ಗರಿಸುತ್ತಾರೆ. ಆಫ್‌ಸೆಟ್ ಮತ್ತು ಉದ್ದವನ್ನು ಕೂಡಿ, ಮೊತ್ತ ಬಫರಿನ ಗಾತ್ರಕ್ಕಿಂತ ಹೆಚ್ಚಿದ್ದರೆ ಬಿಟ್ಟುಬಿಡು ಎಂದು ಬರೆಯುವುದು ಸಹಜ. ಅದೇ ತಪ್ಪು. ಎರಡೂ 32 ಬಿಟ್‌ನ ಸಂಖ್ಯೆಗಳಾಗಿದ್ದು, ಆಫ್‌ಸೆಟ್ 4,294,967,280, ಉದ್ದ 32 ಎಂದಿದ್ದರೆ ಮೊತ್ತ 32 ಬಿಟ್‌ನಲ್ಲಿ ಹಿಡಿಯದೆ ಸುತ್ತು ಹೊಡೆದು 16 ಆಗುತ್ತದೆ. 16 ಎಂಬುದು ಯಾವ ಗಡಿಯನ್ನೂ ದಾಟುವುದಿಲ್ಲ, ಪರೀಕ್ಷೆ ಪಾಸು. ಆದ್ದರಿಂದ ಕೂಡಬೇಡಿ, ಕಳೆಯಿರಿ. ಮೊದಲು ಆಫ್‌ಸೆಟ್ ಗಾತ್ರದೊಳಗಿದೆಯೇ ನೋಡಿ, ಆಮೇಲೆ ಗಾತ್ರದಿಂದ ಆಫ್‌ಸೆಟ್ ಕಳೆದು ಉಳಿದದ್ದರೊಳಗೆ ಉದ್ದ ಹಿಡಿಯುತ್ತದೆಯೇ ನೋಡಿ. ಈ ಕ್ರಮದಲ್ಲಿ ಕಳೆದರೆ ಉತ್ತರ ಸೊನ್ನೆಗಿಂತ ಕೆಳಗಿಳಿಯುವ ಭಯವಿಲ್ಲ. ಕೂಡಲೇಬೇಕಾದಾಗ, ಗುಣಿಸಲೇಬೇಕಾದಾಗ, ಉಕ್ಕಿ ಹರಿದರೆ ಎಚ್ಚರಿಸುವ ಸಿದ್ಧ ಮ್ಯಾಕ್ರೋಗಳು ಲಿನಕ್ಸ್‌ನಲ್ಲಿವೆ. ಅವನ್ನು ಬಿಟ್ಟು ಕೈಲೆಕ್ಕ ಮಾಡುವುದು ಹಟವಷ್ಟೆ.

ಕೋಷ್ಟಕದ ಸಾಲುಗಳ ವಿಷಯದಲ್ಲಿ ಇನ್ನೊಂದು ನಾಜೂಕಿದೆ. ತಲೆಭಾಗದಲ್ಲಿ 'ಸಾಲಿನ ಗಾತ್ರ 12 ಬೈಟ್, ಸಾಲು 20' ಎಂದಿರುತ್ತದೆ. ನಮಗೆ ಗೊತ್ತಿರುವ ಆವೃತ್ತಿಯಲ್ಲಿ ಸಾಲು 8 ಬೈಟ್. ಆಗ 12ರಂತೆ ಹೆಜ್ಜೆ ಹಾಕಬೇಕು, ಪ್ರತಿ ಸಾಲಿನಲ್ಲಿ ಮೊದಲ 8 ಬೈಟ್ ಮಾತ್ರ ಓದಬೇಕು. ಹೊಸ ಫರ್ಮ್‌ವೇರ್ (ಚಿಪ್ಪಿನಲ್ಲಿ ಬರೆದಿಟ್ಟ ತಂತ್ರಾಂಶ) ಬಾಲಕ್ಕೆ ಏನೋ ಸೇರಿಸಿದೆ, ನಮಗದು ಬೇಡ. 6 ಎಂದಿದ್ದರೆ ಮಾತ್ರ ಅಲ್ಲೇ ನಿಲ್ಲಬೇಕು. ಓದುವ ರಚನೆಯ ಗಾತ್ರದಿಂದಲೇ ಹೆಜ್ಜೆ ಹಾಕುವ ಕೋಡ್ ಇವತ್ತಿನ ಕಾರ್ಡಿನಲ್ಲಿ ಸರಿಯಾಗಿ ನಡೆದು ಮುಂದಿನ ವರ್ಷದ ಕಾರ್ಡಿನಲ್ಲಿ ಕಸ ಓದುತ್ತದೆ.

ಬರಹ ಕೆಟ್ಟಿದೆಯೇ ಎಂದು ತಾಳೆ ನೋಡುವ ಅಂಕಿ, ಚೆಕ್‌ಸಮ್, ಇದೆಯಲ್ಲ ಎಂದು ಕೇಳುವವರಿದ್ದಾರೆ. ಯಂತ್ರದ ವಿವರಗಳನ್ನು ಆಪರೇಟಿಂಗ್ ಸಿಸ್ಟಮ್ಮಿಗೆ ತಿಳಿಸುವ, 1996ರಲ್ಲಿ ಹೊರಬಂದ ಎಸಿಪಿಐ ಕೋಷ್ಟಕಗಳಲ್ಲಿ 36 ಬೈಟಿನ ತಲೆಭಾಗವಿದ್ದು, ಅದರಲ್ಲೊಂದು ಚೆಕ್‌ಸಮ್ ಬೈಟ್ ಇದೆ. ಕೋಷ್ಟಕದ ಎಲ್ಲ ಬೈಟುಗಳ ಮೊತ್ತ 256ರಿಂದ ನಿಶ್ಶೇಷವಾಗಿ ಭಾಗವಾಗಬೇಕು. ಕೆಟ್ಟ ಚಿಪ್ ಹಿಡಿಯಲು ಅದು ತಕ್ಕಮಟ್ಟಿಗೆ ಸಾಕು, ಕೆಟ್ಟ ಮನಸ್ಸು ಹಿಡಿಯಲು ಸಾಲದು. ಕೋಷ್ಟಕ ತಿದ್ದಿದವನು ಆ ಒಂದು ಬೈಟನ್ನೂ ತಿದ್ದುತ್ತಾನೆ. ಅದಕ್ಕಿಂತ ತಮಾಷೆಯೆಂದರೆ, ಎಷ್ಟು ಬೈಟ್ ಕೂಡಬೇಕು ಎಂದು ಹೇಳುವುದೂ ಕೋಷ್ಟಕದ ಉದ್ದದ ಅಂಕಿಯೇ. ಅದನ್ನು ಮೊದಲು ಪರೀಕ್ಷಿಸದಿದ್ದರೆ ಚೆಕ್‌ಸಮ್ ಹಾಕುವ ಲೂಪೇ ಗಡಿ ದಾಟುತ್ತದೆ.

ಯುಎಸ್‌ಬಿಯಲ್ಲಿ ತೊಡಕು ಇನ್ನೂ ಒಂದು ಮೆಟ್ಟಿಲು ಹೆಚ್ಚು, ಏಕೆಂದರೆ ಅಲ್ಲಿ ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳಬೇಕು. ಕರ್ನೆಲ್ ಮೊದಲು ಕಾನ್ಫಿಗರೇಷನ್ ಡಿಸ್ಕ್ರಿಪ್ಟರಿನ (ಸಾಧನ ತನ್ನ ಬಗ್ಗೆ ತಾನೇ ಕೊಡುವ ವಿವರಪಟ್ಟಿಯ) 9 ಬೈಟ್ ಮಾತ್ರ ತರಿಸಿಕೊಂಡು ಒಟ್ಟು ಉದ್ದವೆಷ್ಟು ಎಂದು ತಿಳಿಯುತ್ತದೆ, ಅಷ್ಟು ಮೆಮೊರಿ ಪಡೆಯುತ್ತದೆ, ಮತ್ತೆ ಪೂರ್ತಿ ತರಿಸುತ್ತದೆ. ಪೆನ್‌ಡ್ರೈವ್‌ನ ವೇಷದಲ್ಲಿರುವ ಮೈಕ್ರೋಕಂಟ್ರೋಲರ್ ಮೊದಲ ಸಲ 32 ಎಂದು, ಎರಡನೆಯ ಸಲ 4,000 ಎಂದು ಹೇಳಿದರೆ ಯಾರು ಕೇಳುತ್ತಾರೆ? ಎರಡನೆಯ ಅಂಕಿಯನ್ನು ನಂಬಿ ನಡೆದ ಕೋಡ್ 32 ಬೈಟಿನ ಬಫರ್ ದಾಟಿ ಬೇರೆಯವರ ಮೆಮೊರಿಗೆ ನುಗ್ಗುತ್ತದೆ. ಲಿನಕ್ಸ್ ಇದಕ್ಕೆ ಮಾಡುವ ಉಪಾಯ ನನಗೆ ಬಹಳ ಇಷ್ಟ. ನಿಜವಾಗಿ ಬಂದ ಬೈಟುಗಳನ್ನು ಆಧಾರವಾಗಿಟ್ಟುಕೊಂಡು ಒಳಗಿನ ಒಂದೊಂದು ಡಿಸ್ಕ್ರಿಪ್ಟರನ್ನೂ ಅಳೆಯುತ್ತದೆ. ಎರಡು ಬೈಟಿಗಿಂತ ಚಿಕ್ಕದು ಅಥವಾ ಉಳಿದ ಜಾಗಕ್ಕಿಂತ ದೊಡ್ಡದು ಕಂಡರೆ ಅಲ್ಲಿಗೇ ಕತ್ತರಿಸುತ್ತದೆ. ಆಮೇಲೆ ಸಾಧನ ಬರೆದಿದ್ದ ಒಟ್ಟು ಉದ್ದವನ್ನು ಅಳಿಸಿ ತಾನು ಅಳೆದದ್ದನ್ನು ಅಲ್ಲಿ ಬರೆಯುತ್ತದೆ. ಮುಂದೆ ಆ ಅಂಕಿ ನೋಡುವ ಯಾವ ಡ್ರೈವರಿಗೂ ಮೋಸವಿಲ್ಲ. ಹೀಗೆ ಮಾಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಪ್ಲೇಸ್ಟೇಷನ್ 3 ಎಂಬ ಗೇಮ್ ಯಂತ್ರ ಸಾಕ್ಷಿ. 2010ರಲ್ಲಿ ಹಬ್‌ನಂತೆ ನಟಿಸುವ ಒಂದು ಯುಎಸ್‌ಬಿ ಡಾಂಗಲ್, ಉಬ್ಬಿಸಿದ ಡಿಸ್ಕ್ರಿಪ್ಟರ್‌ಗಳನ್ನು ಉಣ್ಣಿಸಿಯೇ ಅದರ ಬೀಗ ಮುರಿದಿತ್ತು.

ರಾಮ್‌ಗೂ ಇದೇ ನಿಯಮ: ಒಂದೇ ಸಲ ಕರ್ನೆಲ್ಲಿನ ಸ್ವಂತ ಮೆಮೊರಿಗೆ ನಕಲು ಮಾಡಿ, ನಕಲನ್ನು ಪರೀಕ್ಷಿಸಿ, ಆ ನಕಲನ್ನೇ ಬಳಸಿ. ಪರೀಕ್ಷಿಸಿದ ಮೇಲೆ ಸಾಧನದ ಕಡೆ ಮತ್ತೆ ತಿರುಗಬೇಡಿ.

ಕೊನೆಯಿಲ್ಲದ ಲೂಪಿನ ಅಪಾಯ ಇನ್ನೊಂದು ಕಡೆಯೂ ಇದೆ: ಕಾರ್ಡು ತನಗೇನೇನು ಬರುತ್ತದೆ ಎಂದು ಹೇಳುವ ಪಿಸಿಐ ಸಾಮರ್ಥ್ಯಗಳ ಪಟ್ಟಿ ಸರಪಳಿಯಂತೆ ಒಂದು ಇನ್ನೊಂದನ್ನು ತೋರಿಸುತ್ತಾ ಹೋಗುತ್ತದೆ. ಕೊನೆಯದು ಮೊದಲನೆಯದನ್ನೇ ತೋರಿಸಿದರೆ ಕೊನೆಯೇ ಇಲ್ಲ. ಲಿನಕ್ಸ್ 48 ಹೆಜ್ಜೆಗೆ ನಿಲ್ಲುತ್ತದೆ. 48 ಬಾಯಿಗೆ ಬಂದ ಸಂಖ್ಯೆಯಲ್ಲ: 256 ಬೈಟಿನ ಜಾಗದಲ್ಲಿ ಮೊದಲ 64 ತಲೆಭಾಗ, ಉಳಿದ 192ರಲ್ಲಿ ಒಂದೊಂದೂ ಕನಿಷ್ಠ 4 ಬೈಟ್. ಮಿತಿ ಹಾಕುವುದಾದರೆ ಹೀಗೆ ರಚನೆಯಿಂದಲೇ ಲೆಕ್ಕ ಹಾಕಿ ತೆಗೆಯಬೇಕು.

2022ರ ಡಿಸೆಂಬರಿನ 6.1 ಆವೃತ್ತಿಯಿಂದ ಲಿನಕ್ಸ್‌ನಲ್ಲಿ ರಸ್ಟ್ ಭಾಷೆಗೂ ಜಾಗವಿದೆ. 'ಅನ್‌ಸೇಫ್' ಎಂದು ಗುರುತು ಹಾಕದ ರಸ್ಟ್ ಕೋಡ್‌ನಲ್ಲಿ ಬಫರಿನ ಆಚೆಯ ಬೈಟನ್ನು ಸದ್ದಿಲ್ಲದೆ ಓದಲಾಗದು ಎಂಬುದು ನಿಜ. ಆದರೆ ಚೌಕ ಆವರಣ ಹಾಕಿ ನೇರವಾಗಿ ಸೂಚ್ಯಂಕ ಕೊಟ್ಟರೆ ಗಡಿ ದಾಟಿದಾಗ ಪ್ಯಾನಿಕ್ ಆಗುತ್ತದೆ, ಕರ್ನೆಲ್ಲಿನೊಳಗಿನ ಪ್ಯಾನಿಕ್ ಎಂದರೆ ಯಂತ್ರವೇ ನಿಂತಂತೆ. ಕದಿಯುವುದು ತಪ್ಪಿತು, ಕೆಡವುವುದು ತಪ್ಪಲಿಲ್ಲ. ಸಿಗದಿದ್ದರೆ 'ಇಲ್ಲ' ಎಂದು ಮರಳಿಸುವ 'ಗೆಟ್' ಬಳಸಿ, ಆ 'ಇಲ್ಲ'ವನ್ನು ದೋಷವಾಗಿ ಮೇಲಕ್ಕೆ ಕಳಿಸುವುದೇ ಸರಿ ದಾರಿ.

ಇನ್ನು ಪರೀಕ್ಷೆ. ನಿಮ್ಮ ಕಾರ್ಡಿನ ರಾಮನ್ನು, ಸಾಧನಗಳನ್ನು ಕಡತಗಳಾಗಿ ತೋರಿಸುವ ಲಿನಕ್ಸ್‌ನ ಸಿಸ್‌ಎಫ್‌ಎಸ್‌ನಲ್ಲಿ, 'ರಾಮ್' (rom) ಕಡತಕ್ಕೆ 1 ಬರೆದು ಓದಿಕೊಳ್ಳಬಹುದು. ಆ ಪ್ರತಿಯಲ್ಲಿ ಒಂದೊಂದೇ ಅಂಕಿ ಕೆಡಿಸಿ: ಉದ್ದಕ್ಕೆ 0, ಆಫ್‌ಸೆಟ್‌ಗೆ ಗರಿಷ್ಠ ಬೆಲೆ, ಕಡತವನ್ನೇ ನಡುವೆ ಕತ್ತರಿಸಿ. ಕೆಡಿಸಿದ್ದನ್ನು ಕಂಪ್ಯೂಟರಿನೊಳಗೇ ಹುಸಿ ಕಂಪ್ಯೂಟರ್ ಓಡಿಸುವ ಕ್ಯೂಎಮ್ಯು (QEMU) ತಂತ್ರಾಂಶದ ಹುಸಿ ಸಾಧನಕ್ಕೆ 'ರಾಮ್‌ಫೈಲ್' (romfile) ಆಗಿ ಕೊಟ್ಟು, ಗಡಿ ದಾಟಿದ ಓದನ್ನು ಹಿಡಿಯುವ ಕೆಸಾನ್ (KASAN) ಸಹಿತದ ಕರ್ನೆಲ್ ಬೂಟ್ ಮಾಡಿ. ನಿಜವಾದ ಕಾರ್ಡಿಗೆ ಕೆಟ್ಟ ರಾಮ್ ಬರೆಯುವ ಸಾಹಸ ಬೇಡ.

ತಪ್ಪು ಕಂಡಾಗಲೆಲ್ಲ ಸಾಧನವನ್ನೇ ತಿರಸ್ಕರಿಸಿದರೆ ಮಾರುಕಟ್ಟೆಯ ಅರೆಬರೆ ಫರ್ಮ್‌ವೇರ್‌ನ ಎಷ್ಟೋ ಸಾಮಾನು ಕೆಲಸ ಮಾಡದೆ ಕೂರುತ್ತದೆ. ಫ್ಯಾನಿನ ಕೋಷ್ಟಕ ಕೆಟ್ಟಿದ್ದರೆ ಸುರಕ್ಷಿತ ಡೀಫಾಲ್ಟ್‌ಗೆ ಇಳಿದು ಮುಂದೆ ಹೋಗಬಹುದು. ವೋಲ್ಟೇಜಿನ ಕೋಷ್ಟಕ ಕೆಟ್ಟಿದ್ದರೆ ಊಹೆ ಬೇಡ, ಕಾರ್ಡನ್ನು ಏಳಿಸಲೇಬೇಡಿ. ಎರಡರಲ್ಲಿ ಯಾವುದೇ ಆಗಲಿ, ಲಾಗ್‌ನಲ್ಲಿ 'ಕೋಷ್ಟಕ ಸರಿಯಿಲ್ಲ' ಎಂದಷ್ಟೇ ಬರೆದು ಕೈತೊಳೆದುಕೊಳ್ಳಬಾರದು. ಯಾವ ಕೋಷ್ಟಕ, ಯಾವ ಆಫ್‌ಸೆಟ್, ಸಾಧನ ಹೇಳಿದ ಉದ್ದ ಎಷ್ಟು, ಬಫರಿನಲ್ಲಿ ಉಳಿದಿದ್ದದ್ದು ಎಷ್ಟು ಎಂಬ ನಾಲ್ಕೂ ಇರಬೇಕು.