ಅಪಾಚೆ, ಟಾಮ್‌ಕ್ಯಾಟ್ ಮತ್ತು ನಡುವಿನ 8009

ಜಾವಾದಲ್ಲಿ ಬರೆದ ಎಷ್ಟೋ ವೆಬ್‌ಸೈಟುಗಳ ಹಿಂದೆ ಎರಡು ಸರ್ವರ್ ಇರುತ್ತವೆ. ಮುಂದೆ ಅಪಾಚೆ, ಹಿಂದೆ ಟಾಮ್‌ಕ್ಯಾಟ್. ಬ್ರೌಸರ್ ಕೇಳಿದ್ದು ಮೊದಲು ಅಪಾಚೆಗೆ ಬರುತ್ತದೆ. ಚಿತ್ರ, ಸ್ಟೈಲ್ ಫೈಲುಗಳನ್ನು ಅದೇ ಕೊಟ್ಟುಬಿಡುತ್ತದೆ, ಪ್ರೋಗ್ರಾಂ ಓಡಿಸಿ ಉತ್ತರ ಕೊಡಬೇಕಾದದ್ದನ್ನು ಮಾತ್ರ ಹಿಂದಕ್ಕೆ ದಾಟಿಸುತ್ತದೆ. ಹೀಗೆ ದಾಟಿಸುವ ಕೊಂಡಿಗೆ ಕನೆಕ್ಟರ್ ಅಂತ ಹೆಸರು.

ಹಳೆಯ ಮತ್ತು ಇವತ್ತಿಗೂ ಚಾಲ್ತಿಯಲ್ಲಿರುವ ಕೊಂಡಿ ಎಜೆಪಿ 1.3 (ಅಪಾಚೆ ಜೆಸರ್ವ್ ಪ್ರೋಟೋಕಾಲ್). ಅದರ ಪೋರ್ಟ್, ಅಂದರೆ ಮಷೀನಿನಲ್ಲಿ ಅದಕ್ಕೆ ಮೀಸಲಾದ ಬಾಗಿಲಿನ ಸಂಖ್ಯೆ, ಸಾಮಾನ್ಯವಾಗಿ 8009. ಬ್ರೌಸರ್ ಮತ್ತು ಸರ್ವರ್ ಮಾತಾಡುವ ಎಚ್‌ಟಿಟಿಪಿ 1.1, ಹೆಡರ್‌ಗಳನ್ನು (ಕೋರಿಕೆಯ ಜೊತೆ ಹೋಗುವ ವಿವರಗಳನ್ನು) ಅಕ್ಷರಗಳಲ್ಲಿ ಬರೆದು ಕಳಿಸುತ್ತದೆ. ಎಜೆಪಿ ಹಾಗಲ್ಲ, 'ಕುಕೀ', 'ಹೋಸ್ಟ್' ತರಹದ ಪದೇ ಪದೇ ಬರುವ ಹೆಡರ್ ಹೆಸರುಗಳಿಗೆ ಎರಡೇ ಬೈಟಿನ ಸಂಕೇತ ಇಟ್ಟುಕೊಂಡಿದೆ. ಜೊತೆಗೆ ಕೇಳಿದವರ ಐಪಿ ವಿಳಾಸ ಯಾವುದು, ಅವರು ಎಚ್‌ಟಿಟಿಪಿಎಸ್ ಮೂಲಕ ಬಂದರಾ ಅನ್ನುವುದನ್ನೂ ಅಪಾಚೆ ಹೇಳಿ ಕಳಿಸುತ್ತದೆ, ಟಾಮ್‌ಕ್ಯಾಟ್ ಅದನ್ನು ಹಾಗೇ ನಂಬುತ್ತದೆ.

ಅಪಾಯ ಇರುವುದು ಈ ನಂಬಿಕೆಯಲ್ಲೇ. 8009ರಲ್ಲಿ ಮಾತಾಡುತ್ತಿರುವುದು ಅಪಾಚೆಯೇ ಹೌದಾ ಅಂತ ಟಾಮ್‌ಕ್ಯಾಟ್ ಕೇಳುತ್ತಲೇ ಇರಲಿಲ್ಲ, ಅದರ ಮೇಲೆ ಈ ಪೋರ್ಟ್ ಇನ್‌ಸ್ಟಾಲ್ ಮಾಡಿದ ಕೂಡಲೇ ಎಲ್ಲ ನೆಟ್‌ವರ್ಕ್ ವಿಳಾಸಗಳಲ್ಲೂ ತೆರೆದಿರುತ್ತಿತ್ತು. 2020ರ ಫೆಬ್ರವರಿಯಲ್ಲಿ 'ಘೋಸ್ಟ್‌ಕ್ಯಾಟ್' ಎಂಬ ದೋಷ ಬಯಲಾದಾಗ ಇದರ ಬೆಲೆ ಗೊತ್ತಾಯಿತು. ಈ ಪೋರ್ಟ್ ಸಿಕ್ಕವರು ಆ್ಯಪ್‌ನ ಒಳಗಿನ ಫೈಲುಗಳನ್ನೇ ಓದಬಹುದಿತ್ತು. ಆ್ಯಪ್‌ನಲ್ಲಿ ಫೈಲ್ ಅಪ್‌ಲೋಡ್ ಮಾಡುವ ಅವಕಾಶ ಇದ್ದರೆ, ಅಪ್‌ಲೋಡ್ ಆದ ಫೈಲು ಆ್ಯಪ್‌ನ ಫೋಲ್ಡರ್‌ನಲ್ಲೇ ಉಳಿಯುತ್ತಿದ್ದರೆ, ತಮ್ಮ ಕೋಡನ್ನೂ ಓಡಿಸಬಹುದಿತ್ತು.

ಟಾಮ್‌ಕ್ಯಾಟ್‌ನ 9.0.31 ಆವೃತ್ತಿಯಲ್ಲಿ ಇದನ್ನು ಸರಿಪಡಿಸಿದರು. ಈಗ ಎಜೆಪಿ ಮೊದಲಿಗೆ ಮುಚ್ಚಿಯೇ ಇರುತ್ತದೆ. ನೀವೇ ತೆರೆದರೂ ಅದೇ ಮಷೀನಿನ ಒಳಗಿನಿಂದ ಬಂದದ್ದನ್ನು ಮಾತ್ರ ಕೇಳಿಸಿಕೊಳ್ಳುತ್ತದೆ, ಮತ್ತು 'ಸೀಕ್ರೆಟ್' ಎಂಬ ಗುಟ್ಟಿನ ಪದ ಕೇಳುತ್ತದೆ. ಆ ಪದ ಎರಡೂ ಕಡೆ ಅಕ್ಷರಶಃ ಒಂದೇ ಇರಬೇಕು. ಕೆಲವರು ಇದರ ರಗಳೆ ಬೇಡ ಅಂತ ಆ ಪದ ಕಡ್ಡಾಯ ಅನ್ನುವ 'ಸೀಕ್ರೆಟ್ ರಿಕ್ವೈರ್ಡ್' ಸೆಟ್ಟಿಂಗನ್ನು ಫಾಲ್ಸ್ ಮಾಡಿಬಿಡುತ್ತಾರೆ. ದಯವಿಟ್ಟು ಮಾಡಬೇಡಿ. ಒಂದು ಸಾಲು ಬರೆಯುವುದಕ್ಕೆ ಎರಡು ನಿಮಿಷ ಸಾಕು, ಅಲ್ವಾ?

ಇನ್ನೊಂದು ತೊಂದರೆ ಟೈಮ್‌ಔಟ್‌ನದು, ಅಂದರೆ ಸುಮ್ಮನಿರುವ ಕನೆಕ್ಷನ್ನನ್ನು ಎಷ್ಟು ಹೊತ್ತು ತೆರೆದಿಡಬೇಕು ಅನ್ನುವ ಅವಧಿಯದು. ಎರಡೂ ಕಡೆಯವರು ಒಮ್ಮೆ ತೆರೆದ ಕನೆಕ್ಷನ್ನನ್ನು ಮುಚ್ಚದೆ ಮತ್ತೆ ಮತ್ತೆ ಬಳಸುತ್ತಾರೆ. ಒಬ್ಬರು ಮುಚ್ಚಿ, ಇನ್ನೊಬ್ಬರಿಗೆ ಅದು ಗೊತ್ತಾಗದೇ ಹೋದರೆ, ಸತ್ತ ಕನೆಕ್ಷನ್ ಮೇಲೆ ಕೋರಿಕೆ ಹೋಗಿ ಒಮ್ಮೊಮ್ಮೆ ಮಾತ್ರ ಎರರ್ ಬರುತ್ತದೆ. ಇಂಥದ್ದನ್ನು ಹುಡುಕುವುದು ಬಹಳ ಕಷ್ಟ. ಅದಕ್ಕೇ ಎರಡೂ ಕಡೆ ಒಂದೇ ಅವಧಿ ಕೊಡಿ. ಆದರೆ ಅಳತೆ ಬೇರೆ ಬೇರೆ: ಎಜೆಪಿ ಮಾತಾಡಲು ಅಪಾಚೆಗೆ ಹಾಕುವ ಮಾಡ್-ಜೆಕೆ ಎಂಬ ಮಾಡ್ಯೂಲ್ ಸೆಕೆಂಡಿನಲ್ಲಿ ಎಣಿಸುತ್ತದೆ, ಟಾಮ್‌ಕ್ಯಾಟ್ ಮಿಲಿಸೆಕೆಂಡಿನಲ್ಲಿ. ಹತ್ತು ನಿಮಿಷ ಬೇಕಿದ್ದರೆ ಅಲ್ಲಿ 600, ಇಲ್ಲಿ 600000. ಎರಡೂ ಕಡೆ 600 ಅಂತಲೇ ಬರೆದರೆ ಟಾಮ್‌ಕ್ಯಾಟ್ ಒಂದು ಸೆಕೆಂಡೂ ಕಾಯದೆ ಕನೆಕ್ಷನ್ ಮುಚ್ಚುತ್ತದೆ.

ಎಲ್ಲ ಬರೆದು ರೀಸ್ಟಾರ್ಟ್ ಮಾಡಿದ ಮೇಲೆ 8009 ಯಾವ ವಿಳಾಸದಲ್ಲಿ ತೆರೆದಿದೆ ಅಂತ ಒಮ್ಮೆ ನೋಡಿ. ಎರಡೂ ಸರ್ವರ್ ಒಂದೇ ಮಷೀನಿನಲ್ಲಿದ್ದರೆ ಅಲ್ಲಿ 127.0.0.1 (ಮಷೀನು ತನ್ನೊಳಗೇ ಬಳಸುವ ವಿಳಾಸ) ಅಥವಾ ಅದರ ಐಪಿವಿ6 ರೂಪ ಕಾಣಬೇಕು. 0.0.0.0 ಕಂಡರೆ ಎಲ್ಲ ವಿಳಾಸಗಳಲ್ಲೂ ತೆರೆದಿದೆ ಅಂತ ಅರ್ಥ, ತಕ್ಷಣ ಸರಿಪಡಿಸಿ.