ಮೂರು ವರ್ಷದ ಅನುದಾನಕ್ಕೆ ಸೈಗಾ ಕಾಯುವುದಿಲ್ಲ

ವನ್ಯಜೀವಿ ಪಶುವೈದ್ಯರು ಅನುದಾನ ಕೇಳಲು ಹೋದರೆ ಎದುರಾಗುವ ಮೊದಲ ಪ್ರಶ್ನೆ: 'ಮೂರು ವರ್ಷದಲ್ಲಿ ಏನು ತೋರಿಸ್ತೀರಿ?' ಆಗ ನಾನು ಕಜಕಸ್ತಾನದ ಸೈಗಾ ಉದಾಹರಣೆ ಕೊಡುತ್ತೇನೆ.

ಸೈಗಾ ಒಂದು ಹುಲ್ಲೆ. ಬಾಯಿಯ ಮೇಲೆ ಜೋತು ಬಿದ್ದ ಅದರ ದಪ್ಪ ಮೂಗು ಧೂಳು ಸೋಸುತ್ತದೆ, ಚಳಿಗಾಲದಲ್ಲಿ ಉಸಿರನ್ನು ಬೆಚ್ಚಗಾಗಿಸುತ್ತದೆ. ಸೋವಿಯತ್ ಒಕ್ಕೂಟ ಮುರಿದ ಮೇಲೆ ಹಳ್ಳಿಗರಿಗೆ ಕೆಲಸವಿರಲಿಲ್ಲ, ಬಯಲಿಗೆ ಕಾವಲಿರಲಿಲ್ಲ. ಚೀನಾದ ಸಾಂಪ್ರದಾಯಿಕ ಔಷಧಿಗೆಂದು ಕೊಂಬಿಗೆ ಒಳ್ಳೆ ಬೆಲೆ ಇತ್ತು. ಕೊಂಬಿರುವುದು ಗಂಡಿಗೆ ಮಾತ್ರ. ಗಂಡುಗಳೇ ಜಾಸ್ತಿ ಸತ್ತು, ಹೆಣ್ಣುಗಳು ಗಬ್ಬವಾಗುವುದೇ ಕಷ್ಟವಾಯಿತು. 2003ರ ಹೊತ್ತಿಗೆ ಅಲ್ಲಿ ಉಳಿದಿದ್ದು ಸುಮಾರು 20,000.

ಆಮೇಲೆ ಶುರುವಾಗಿದ್ದು ಸೈಗಾ ಮತ್ತು ಅದರ ಹುಲ್ಲುಬಯಲನ್ನು ಉಳಿಸುವ ಅಲ್ಟಿನ್ ದಾಲಾ ಯೋಜನೆ. ಕಜಕ್ ಸರ್ಕಾರ, ಅಲ್ಲಿನ ಜೀವವೈವಿಧ್ಯ ಸಂಘ, ಫ್ರಾಂಕ್‌ಫರ್ಟ್ ಜೂವಲಾಜಿಕಲ್ ಸೊಸೈಟಿ, ಬ್ರಿಟನ್ನಿನ ಆರ್‌ಎಸ್‌ಪಿಬಿ ಕೈಜೋಡಿಸಿದವು. ಆರ್‌ಎಸ್‌ಪಿಬಿ ಹಕ್ಕಿಗಳ ಸಂಸ್ಥೆ, ಅದಕ್ಕೆ ಹುಲ್ಲೆಯೇಕೆ? ಹಕ್ಕಿಗೂ ಅದೇ ಬಯಲು ಬೇಕಲ್ವಾ! ಸೈಗಾ ಗಡಿ ದಾಟಿ ಮೇಯುವುದರಿಂದ ಅಕ್ಕಪಕ್ಕದ ದೇಶಗಳ ನಡುವಿನ ಒಪ್ಪಂದವೂ 2006ರಲ್ಲಿ ಜಾರಿಗೆ ಬಂತು.

2015ರ ಮೇ. ಮರಿ ಹಾಕುವ ಕಾಲ. ಎಂದಿನಂತೆ ಮರಿ ನೋಡಲು ಬಂದಿದ್ದ ತಂಡದ ಕಣ್ಣೆದುರೇ ತಾಯಿಗಳು ಕುಸಿದು ಬಿದ್ದವು, ಹಿಂದೆಯೇ ಮರಿಗಳೂ ಸತ್ತವು. ಕೆಲವೇ ವಾರಗಳಲ್ಲಿ 2 ಲಕ್ಷಕ್ಕೂ ಜಾಸ್ತಿ ಸಾವು. ಅಂದರೆ ಜಗತ್ತಿನ ಸೈಗಾಗಳಲ್ಲಿ ಅರ್ಧಕ್ಕಿಂತ ಹೆಚ್ಚು! ತಂಡ ಅಲ್ಲೇ ಇದ್ದುದರಿಂದ ಹೆಣಗಳು ಕೊಳೆಯುವ ಮೊದಲೇ ಕೊಯ್ದು ನೋಡಲು, ಮಾದರಿ ತೆಗೆಯಲು ಆಯಿತು. ಸಿಕ್ಕಿದ್ದು ಪಾಶ್ಚುರೆಲ್ಲಾ ಬ್ಯಾಕ್ಟೀರಿಯಾ. ಮಳೆಗಾಲಕ್ಕೆ ಮುಂಚೆ ನಮ್ಮ ದನ-ಎಮ್ಮೆಗಳಿಗೆ ಗಳಲೆ ರೋಗದ ಲಸಿಕೆ ಹಾಕಿಸುತ್ತೇವಲ್ಲ, ಅದೇ ರೋಗ. ಗಂಟಲಲ್ಲಿ ಸುಮ್ಮನಿರುವ ಈ ರೋಗಾಣು ಆ ವರ್ಷದ ಅಸಹಜ ಸೆಕೆ, ತೇವದಲ್ಲಿ ಕೆರಳಿತು.

ಬಯಲಲ್ಲಿ ಅಲೆಯುವ ಹಿಂಡಿಗೆ ಲಸಿಕೆ ಹಾಕಲು ಆಗುವುದಿಲ್ಲ. ಇರುವ ವಿಮೆ ಒಂದೇ, ಸಂಖ್ಯೆ. ಸೈಗಾ ಹೆಚ್ಚಾಗಿ ಅವಳಿ ಮರಿ ಹಾಕುತ್ತದೆ, ಬೇಟೆ ತಡೆದರೆ ಬೇಗ ಹೆಚ್ಚುತ್ತದೆ. ಆದರೆ ತಡೆಯಲು ಪ್ರತಿ ವರ್ಷ ಕಾವಲುಗಾರರ ಸಂಬಳ, ಜೀಪು, ಡೀಸೆಲ್ ಬೇಕು. ವರದಿಯಲ್ಲಿ ಇವಕ್ಕೆ ಫೋಟೋ ಬರುವುದಿಲ್ಲ, ದಾನಿಗಳಿಗೆ ಬೇಜಾರು. 2019ರಲ್ಲಿ ಕಳ್ಳಬೇಟೆಗಾರರ ಕೈಯಲ್ಲಿ ಇಬ್ಬರು ಕಾವಲುಗಾರರು ಸತ್ತರು.

2022ಕ್ಕೆ ಸೈಗಾ 13 ಲಕ್ಷ ದಾಟಿತು. 2023ರಲ್ಲಿ ಅಳಿವಿನಂಚಿನ ಜೀವಿಗಳ ಪಟ್ಟಿ ಮಾಡುವ ಅಂತಾರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಅದನ್ನು ತೀವ್ರ ಅಪಾಯದ ಪಟ್ಟಿಯಿಂದ ಇಳಿಸಿತು. ಮರುವರ್ಷ ಯೋಜನೆಗೆ 10 ಲಕ್ಷ ಪೌಂಡಿನ ಅರ್ಥ್‌ಶಾಟ್ ಪರಿಸರ ಬಹುಮಾನವೂ ಬಂತು.

ಈಗ ಪಶ್ಚಿಮ ಕಜಕಸ್ತಾನದ ರೈತರು ದೂರುತ್ತಿದ್ದಾರೆ: ನಮ್ಮ ದನದ ಹುಲ್ಲು, ನೀರು ಎಲ್ಲ ಸೈಗಾ ಪಾಲು. ದೂರಿನಲ್ಲಿ ಹುರುಳಿದೆ. ಕಾಡಂಚಿನ ಬೆಳೆಹಾನಿ ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪ್ರಾಣಿ ಹೆಚ್ಚಿದ ಮೇಲೆ ಪರಿಹಾರಕ್ಕೆ ದುಡ್ಡು ಹುಡುಕುವುದಕ್ಕಿಂತ, ಮೊದಲ ವರ್ಷದ ಬಜೆಟ್ಟಿನಲ್ಲೇ ರೈತರ ಪಾಲು ಎತ್ತಿಡಬೇಕಿತ್ತು ಅನ್ನುವುದು ನನ್ನ ಅಭಿಪ್ರಾಯ.