ಪಿಒಪಿಎಫ್ ಎಂಬ ಸೂಚನೆ ಮತ್ತು ಕ್ಲೌಡ್‌ನ ಹಿಂದಿನ ಕಥೆ

ಕ್ಲೌಡ್‌ನಲ್ಲಿ ಸರ್ವರ್ ತಗೊಂಡರೆ ನಿಮಗೆ ಇಡೀ ಯಂತ್ರವೇನೂ ಸಿಗುವುದಿಲ್ಲ, ಸಾಮಾನ್ಯವಾಗಿ ಸಿಗುವುದು ಅದರಲ್ಲೊಂದು ಪಾಲು. ಅದೇ ಯಂತ್ರದ ಮೇಲೆ ಇನ್ಯಾರದೋ ಲಿನಕ್ಸ್, ಮತ್ಯಾರದೋ ವಿಂಡೋಸ್ ಓಡುತ್ತಿರಬಹುದು. ಒಬ್ಬರ ಮೆಮೊರಿಗೆ ಇನ್ನೊಬ್ಬರು ಕೈ ಹಾಕದಂತೆ ನೋಡಿಕೊಳ್ಳುವುದು ಹೈಪರ್‌ವೈಸರ್. ಇದು ಕ್ಲೌಡ್ ಜೊತೆಗೇ ಹುಟ್ಟಿದ್ದಲ್ಲ. 1967ರಲ್ಲೇ ಐಬಿಎಂನ ಸಿಪಿ-40 ಒಂದು ಮೇನ್‌ಫ್ರೇಮನ್ನು ಹಲವು ವರ್ಚುವಲ್ ಮೆಷಿನ್‌ಗಳಾಗಿ ಹಂಚುತ್ತಿತ್ತು.

ಒಳಗಿನ ಉಪಾಯ ಸರಳ. ಗೆಸ್ಟ್ ಓಎಸ್, ಅಂದರೆ ವರ್ಚುವಲ್ ಮೆಷಿನ್ ಒಳಗಿನ ಆಪರೇಟಿಂಗ್ ಸಿಸ್ಟಂ, ಕೊಡುವ ಮಾಮೂಲಿ ಸೂಚನೆಗಳು (ಇನ್‌ಸ್ಟ್ರಕ್ಷನ್‌ಗಳು) ನೇರವಾಗಿ ಪ್ರೊಸೆಸರ್ ಮೇಲೇ ಓಡುತ್ತವೆ, ಹಾಗಾಗಿ ವೇಗ ಜಾಸ್ತಿ ಕುಗ್ಗುವುದಿಲ್ಲ. ಯಂತ್ರದ ಹಿಡಿತವನ್ನೇ ಬದಲಿಸುವ ಸೂಚನೆ ಬಂದಾಗ ಮಾತ್ರ ಪ್ರೊಸೆಸರ್ ಅದನ್ನು ತಡೆದು ಹೈಪರ್‌ವೈಸರ್ ಕೈಗೆ ಕೊಡುತ್ತದೆ. ಇದೇ ಟ್ರ್ಯಾಪ್. ಅಂಥ ಪ್ರತಿಯೊಂದು ಸೂಚನೆಯೂ ಟ್ರ್ಯಾಪ್ ಆಗಲೇಬೇಕು ಅಂತ ಕಂಪ್ಯೂಟರ್ ವಿಜ್ಞಾನಿಗಳಾದ ಪೋಪೆಕ್ ಮತ್ತು ಗೋಲ್ಡ್‌ಬರ್ಗ್ 1974ರಲ್ಲಿ ಬರೆದರು.

ಇಂಟೆಲ್, ಎಎಂಡಿಗಳ ಪ್ರೊಸೆಸರ್ ಕುಟುಂಬವಾದ ಎಕ್ಸ್86 ಎಡವಿದ್ದು ಇಲ್ಲೇ. ಪಿಒಪಿಎಫ್ ಅನ್ನುವ ಸೂಚನೆಯನ್ನೇ ನೋಡಿ. ಓಎಸ್ ಇದರಿಂದ ಇಂಟರಪ್ಟ್‌ಗಳನ್ನು, ಅಂದರೆ ನಡೆಯುತ್ತಿರುವ ಕೆಲಸವನ್ನು ತಡೆದು ಪ್ರೊಸೆಸರ್‌ನ ಗಮನ ಸೆಳೆಯುವ ಸಂಕೇತಗಳನ್ನು, ಆಫ್ ಮಾಡಬಹುದು. ಆದರೆ ಗೆಸ್ಟ್ ಓಎಸ್ ಕಡಿಮೆ ಅಧಿಕಾರದಲ್ಲಿ ಓಡುತ್ತಿರುತ್ತದಲ್ವಾ, ಆಗ ಪ್ರೊಸೆಸರ್ ಆ ಬದಲಾವಣೆಯನ್ನು ಮಾಡುವುದೂ ಇಲ್ಲ, ತಪ್ಪು ಅಂತ ಹೇಳುವುದೂ ಇಲ್ಲ, ಸುಮ್ನೆ ಮುಂದಕ್ಕೆ ಹೋಗಿಬಿಡುತ್ತದೆ. ಇಂಟರಪ್ಟ್ ಆಫ್ ಆಯಿತು ಅಂತ ಗೆಸ್ಟ್ ನಂಬಿರುತ್ತದೆ, ಹೈಪರ್‌ವೈಸರ್‌ಗೆ ಸುದ್ದಿಯೇ ಮುಟ್ಟಿರುವುದಿಲ್ಲ. ಪೆಂಟಿಯಂನಲ್ಲಿ ಇಂಥ ತೊಂದರೆಯ ಸೂಚನೆಗಳು 17 ಇವೆ ಅಂತ 2000ದಲ್ಲಿ ಬಂದ ಅಧ್ಯಯನ ತೋರಿಸಿತು.

ವಿಎಂವೇರ್ 1999ರಲ್ಲೇ ಇದಕ್ಕೊಂದು ದಾರಿ ಹುಡುಕಿತ್ತು: ಗೆಸ್ಟ್ ಕರ್ನಲ್‌ನ (ಓಎಸ್‌ನ ತಿರುಳಿನ) ಕೋಡನ್ನು ಓಡುವಾಗಲೇ ಓದಿ, ತೊಂದರೆ ಕೊಡುವ ಸೂಚನೆಗಳ ಜಾಗದಲ್ಲಿ ಬೇರೆ ಕೋಡ್ ಹಾಕುವುದು. ನನ್ನ ಮಟ್ಟಿಗೆ ಈ ಇಡೀ ಕಥೆಯಲ್ಲಿ ಅತ್ಯಂತ ಚುರುಕಾದ ಕೆಲಸ ಇದು. 2003ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಿಂದ ಬಂದ ಕ್ಸೆನ್, ಗೆಸ್ಟ್ ಓಎಸ್ಸನ್ನೇ ತಿದ್ದಿ ನೇರವಾಗಿ ಹೈಪರ್‌ವೈಸರನ್ನು ಕೇಳುವಂತೆ ಮಾಡಿತು. ವೇಗ ಚೆನ್ನಾಗಿತ್ತು, ಆದರೆ ಸೋರ್ಸ್ ಕೋಡ್ ಕೈಯಲ್ಲಿಲ್ಲದ ಓಎಸ್ಸನ್ನು ತಿದ್ದುವುದು ಹೇಗೆ? 2005ರಲ್ಲಿ ಇಂಟೆಲ್, ಮರುವರ್ಷ ಎಎಂಡಿ ಪ್ರೊಸೆಸರ್‌ನಲ್ಲೇ ಗೆಸ್ಟ್‌ಗಾಗಿ ಬೇರೆ ಮೋಡ್ ಕೊಟ್ಟವು. ಹಳೇ ತೊಡಕು ಹಾರ್ಡ್‌ವೇರ್‌ನಲ್ಲೇ ಬಗೆಹರಿಯಿತು.

ಅಮೆಜಾನ್ 2006ರಲ್ಲಿ ಕ್ಲೌಡ್ ಸರ್ವರ್ ಬಾಡಿಗೆಗೆ ಕೊಡುವ ಇಸಿ2 ಸೇವೆ ಶುರು ಮಾಡಿದ್ದು ಕ್ಸೆನ್ ಮೇಲೆ. 2007ರಲ್ಲಿ ಕೆವಿಎಂ ಎಂಬ ಭಾಗ ಸೇರಿಕೊಂಡು ಲಿನಕ್ಸ್ ಕರ್ನಲ್ಲೇ ಹೈಪರ್‌ವೈಸರ್ ಆಯಿತು. 2017ರ ನೈಟ್ರೋ ಎಂಬ ಹೊಸ ವ್ಯವಸ್ಥೆಯಲ್ಲಿ ಅಮೆಜಾನ್ ನೆಟ್‌ವರ್ಕ್, ಸ್ಟೋರೇಜ್ ಕೆಲಸವನ್ನೆಲ್ಲ ಪ್ರತ್ಯೇಕ ಕಾರ್ಡ್‌ಗಳಿಗೆ ಬಿಟ್ಟು, ಕೆವಿಎಂ ಆಧಾರದ ಪುಟ್ಟ ಹೈಪರ್‌ವೈಸರನ್ನು ಮಾತ್ರ ಉಳಿಸಿಕೊಂಡಿತು. ಅದೇ ವರ್ಷ ಎಎಂಡಿಯ ಎಪಿಕ್ ಪ್ರೊಸೆಸರ್‌ಗಳಲ್ಲಿ ಎಸ್‌ಇವಿ ಬಂತು: ಪ್ರತಿ ಗೆಸ್ಟ್‌ನ ಮೆಮೊರಿಗೂ ಅದರದೇ ಎನ್‌ಕ್ರಿಪ್ಷನ್ ಕೀ, ಹೈಪರ್‌ವೈಸರ್‌ಗೂ ಒಳಗಿನ ಡೇಟಾ ಓದಲು ಬರಬಾರದು ಅನ್ನುವ ಉದ್ದೇಶದಿಂದ.